ಫರಾಳದ ಡಬ್ಬ ಖಾಲಿಯಾದ ಮೇಲೆ ಹೊಟ್ಟೆಗೆ ಒಂದು ವಾರದ ಆರೈಕೆ

ಮುಂಬೈಯಲ್ಲಿರುವ ನಮ್ಮಂಥವರ ಮನೆಗಳಲ್ಲಿ ದೀಪಾವಳಿ ಅಂದರೆ ಫರಾಳ, ಅಂದರೆ ಹಬ್ಬದ ತಿಂಡಿ, ಡಬಲ್, ಅಲ್ವಾ? ನಮ್ಮ ಚಕ್ಕುಲಿ, ಹೋಳಿಗೆ ಇದ್ದದ್ದೇ. ಅದರ ಮೇಲೆ ಪಕ್ಕದ ಮನೆಯ ಕಾಕು ಕಳಿಸಿದ ಕರಂಜಿ, ಶಂಕರಪಾಳಿ, ಮೇಲಿನ ಮಹಡಿಯ ಗುಜರಾತಿಗಳ ಮಠಿಯಾ, ಆಫೀಸಿನ ಸೋನ್ ಪಾಪ್ಡಿ. ಪ್ರೀತಿಯಿಂದ ಕೊಟ್ಟದ್ದನ್ನು ತಿಂದಿದ್ದೀರಿ, ತಪ್ಪೇನಿಲ್ಲ. ಈಗ ಹೊಟ್ಟೆ ಉಬ್ಬರ, ಎದೆಯುರಿ, ಮಧ್ಯಾಹ್ನ ತೂಕಡಿಕೆ. ಇದಕ್ಕೆ ಕಟ್ಟುನಿಟ್ಟಿನ ಉಪವಾಸವೂ ಬೇಡ, ದುಬಾರಿ ಡಿಟಾಕ್ಸ್ ಜ್ಯೂಸೂ ಬೇಡ. ಬೇಡದ್ದನ್ನು ಹೊರಹಾಕುವ ಕೆಲಸವನ್ನು ಲಿವರ್, ಕಿಡ್ನಿ ದಿನಾ ಮಾಡುತ್ತಲೇ ಇರುತ್ತವೆ. ನಾವು ಮಾಡಬೇಕಾದದ್ದು ಮನೆಯ ಸಾದಾ ಊಟಕ್ಕೆ ಮರಳುವುದು, ಅಷ್ಟೇ.

ತೂಕದ ಮೆಷಿನ್ ಒಂದು ವಾರ ಮಂಚದ ಕೆಳಗಿರಲಿ. ಹಬ್ಬದಲ್ಲಿ ಏರಿದ ತೂಕದಲ್ಲಿ ನೀರೇ ಜಾಸ್ತಿ. ಉಪ್ಪು ಹೆಚ್ಚಾದರೆ ದೇಹ ನೀರು ಹಿಡಿದಿಟ್ಟುಕೊಳ್ಳುತ್ತದೆ. ಸಿಹಿ, ಹಿಟ್ಟಿನ ಪದಾರ್ಥ ಹೆಚ್ಚು ತಿಂದಾಗ ದೇಹ ಅದರಲ್ಲಿ ಸ್ವಲ್ಪವನ್ನು ಗ್ಲೈಕೋಜನ್ ಆಗಿ ಕೂಡಿಡುತ್ತದೆ, ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರೂ ಸೇರುತ್ತದೆ. ಆ ನೀರು ತಾನಾಗೇ ಇಳಿಯುತ್ತದೆ, ಮುಳ್ಳು ನೋಡಿ ಗಾಬರಿಬಿದ್ದು ಊಟ ಬಿಡಬೇಡಿ.

ರಾತ್ರಿ ಊಟದಿಂದ ಶುರುಮಾಡಿ. ನಮ್ಮಲ್ಲಿ ಎಷ್ಟೋ ಜನ ಡೊಂಬಿವಲಿ, ಮೀರಾ ರೋಡ್ ಕಡೆಯ ಲೋಕಲ್ ಹಿಡಿದು ಮನೆ ಸೇರುವಾಗಲೇ ಒಂಬತ್ತು ದಾಟಿರುತ್ತದೆ, ಹಸಿವು ನೆತ್ತಿಗೇರಿರುತ್ತದೆ, ಗಬಗಬ ತಿಂದು ಅರ್ಧ ಗಂಟೆಯಲ್ಲಿ ಮಲಗುತ್ತಾರೆ. ಎದೆಯುರಿಗೆ ಇದೇ ದಾರಿ. ಸಂಜೆ ಆಫೀಸು ಬಿಡುವ ಮೊದಲು ಒಂದು ಬಾಳೆಹಣ್ಣೋ ಒಂದು ಹಿಡಿ ಹುರಿಗಡಲೆಯೋ ತಿನ್ನಿ. ಸ್ಟೇಷನ್ನಿನ ಹೊರಗಿನ ವಡಾಪಾವ್ ಆಗ ಅಷ್ಟು ಕರೆಯುವುದಿಲ್ಲ. ರಾತ್ರಿಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಹೆಸರುಕಾಳಿನ ಪಲ್ಯ. ಅಕ್ಕಿಯನ್ನು ಬೆಳಿಗ್ಗೆಯೇ ನೆನೆಹಾಕಿ ಹೋದರೆ ಕುಕ್ಕರಿನಲ್ಲಿ ಬೇಗ ಬೇಯುತ್ತದೆ. ಧಾರವಾಡ, ವಿಜಯಪುರದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ: ಜೋಳದ ರೊಟ್ಟಿ, ಹೆಸರುಬೇಳೆ, ಹಸಿ ಮೆಂತ್ಯ. ಜೋಳದ ಹಿಟ್ಟು ಇಲ್ಲಿ ಯಾವ ಕಿರಾಣಿಯಲ್ಲೂ ಸಿಗುತ್ತದೆ. ಉಂಡ ಮೇಲೆ ಎರಡು ಗಂಟೆಯಾದರೂ ಮಲಗಬೇಡಿ.

ಮಧ್ಯಾಹ್ನಕ್ಕೆ ತಂಬುಳಿ. ಕಿಟಕಿಯ ಗ್ರಿಲ್ಲಿನ ಕುಂಡದಲ್ಲಿ ದೊಡ್ಡಪತ್ರೆ ಇದೆಯಾ? ಏಳೆಂಟು ಎಲೆ ಸಾಕು. ಅರ್ಧ ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹಾಕಿ, ಎಲೆ ಬಾಡಿ ಬಣ್ಣ ತಿರುಗುವ ತನಕ ಹುರಿದು, ಎರಡು ಚಮಚ ತೆಂಗಿನತುರಿ ಜೊತೆ ರುಬ್ಬಿ ಮಜ್ಜಿಗೆಗೆ ಕಲಸಿ. ಕುದಿಸಬೇಡಿ, ಒಡೆಯುತ್ತದೆ.

ಬಾಳೆದಿಂಡನ್ನೂ ಮರೆಯಬೇಡಿ. ಮಾಟುಂಗಾ ಸ್ಟೇಷನ್ ಹೊರಗಿನ ಮಾರ್ಕೆಟ್ಟಿನಲ್ಲಿ ನಮ್ಮ ಕಡೆಯ ತರಕಾರಿ ಸಿಗುತ್ತದಲ್ಲ, ಅಲ್ಲಿ ಕೇಳಿ. ಹೊರಗಿನ ಸಿಪ್ಪೆ ಸುಲಿದು ಬಿಲ್ಲೆಯಾಗಿ ಹೆಚ್ಚುವಾಗ ಪ್ರತಿ ಬಿಲ್ಲೆಗೂ ಜೇಡರ ಬಲೆಯಂಥ ನಾರು ಬರುತ್ತದೆ, ಅದನ್ನು ತೋರುಬೆರಳಿಗೆ ಸುತ್ತಿಕೊಂಡು ತೆಗೆಯುತ್ತಾ ಹೋಗಿ. ಹೆಚ್ಚಿದ್ದನ್ನು ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿ. ನಾರನ್ನು ತೆಗೆದರೂ ಹೊಟ್ಟೆ ಸಲೀಸಾಗುವಷ್ಟು ನಾರು ಒಳಗೆ ಉಳಿದೇ ಇರುತ್ತದೆ. ಆದರೆ ಒಂದೇ ದಿನ ಬಟ್ಟಲುಗಟ್ಟಲೆ ತಿಂದರೆ ಉಬ್ಬರ ಇನ್ನೂ ಜಾಸ್ತಿ. ಸ್ವಲ್ಪ ಸ್ವಲ್ಪ ಹೆಚ್ಚಿಸಿ, ನೀರು ಚೆನ್ನಾಗಿ ಕುಡಿಯಿರಿ.

ಕಟಿಂಗ್ ಚಹಾ ಎಣಿಸಿ. ಲೋಟ ಸಣ್ಣದು, ಆದರೆ ದಿನಕ್ಕೆ ಐದು ಸಲವಾದರೆ ಸಕ್ಕರೆ ಎಷ್ಟು ಚಮಚ ಆಯಿತು ನೋಡಿ. ಉಪ್ಪಿನ ಲೆಕ್ಕವೂ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚ. ಉಪ್ಪಿನಕಾಯಿ, ಹಪ್ಪಳ, ಫರ್ಸಾಣ್ ಎಲ್ಲ ಅದರೊಳಗೇ ಬರಬೇಕು. ಗಂಜಿಗೆ ಉಪ್ಪಿನಕಾಯಿ ಬೇಕೇ ಬೇಕು, ನನಗೂ ಗೊತ್ತು. ಒಂದು ಹೋಳು ಸಾಕು.

ಜಿಮ್ಮಿಗೆ ಓಡುವ ಅಗತ್ಯ ಇಲ್ಲ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಸೊಸೈಟಿ ಕಂಪೌಂಡಿನಲ್ಲಿ ಸುಮ್ನೆ ನಡೆಯಿರಿ, ರಕ್ತದ ಸಕ್ಕರೆ ಒಮ್ಮೆಲೇ ಏರುವುದು ಕಡಿಮೆಯಾಗುತ್ತದೆ. ಪಟಾಕಿ ಹೊಗೆ ಇನ್ನೂ ಕವಿದಿದ್ದರೆ ಹೊರಗೆ ಬೇಡ, ಮನೆಯೊಳಗೇ ನಡೆಯಿರಿ.

ನಿದ್ದೆ ಕೆಟ್ಟಿದ್ದರೆ ಹಸಿವೂ ಕೆಡುತ್ತದೆ, ಸಿಹಿ ಬೇಕೆನಿಸುತ್ತದೆ. ಅದಕ್ಕೇ ಏಳುವ ಹೊತ್ತು ದಿನಾ ಒಂದೇ ಇಟ್ಟುಕೊಳ್ಳಿ.

ಉಳಿದ ತಿಂಡಿಯನ್ನು ಹಳಸುವ ತನಕ ಇಡಬೇಡಿ. ಚೆನ್ನಾಗಿರುವಾಗಲೇ ವಾಚ್‌ಮನ್ನರಿಗೆ, ಮನೆಕೆಲಸದವರಿಗೆ ಕೊಡಿ. ನಿಮಗೆ ಅಂತ ಸ್ವಲ್ಪ ಇಟ್ಟುಕೊಂಡರೆ ಡಬ್ಬದಿಂದಲೇ ತಿನ್ನದೆ ಊಟದ ತಟ್ಟೆಗೆ ಹಾಕಿಕೊಂಡು ತಿನ್ನಿ.

ಶುಗರ್, ಬಿಪಿ, ಕಿಡ್ನಿ ತೊಂದರೆ ಇದ್ದವರು ಮಾತ್ರೆ ಬಿಡುವುದು, ಹೆಚ್ಚಿಸುವುದು ತಾವೇ ಮಾಡಬೇಡಿ, ಊಟ ಬದಲಿಸುವ ಮೊದಲೂ ಡಾಕ್ಟರನ್ನು ಕೇಳಿ. ಎದೆಯಲ್ಲಿ ಒತ್ತಿದಂಥ ನೋವು ಬಂದು ಕೈಗೋ ದವಡೆಗೋ ಹರಡಿದರೆ, ಬೆವರು, ಉಸಿರಾಟದ ಕಷ್ಟ ಇದ್ದರೆ, ಗ್ಯಾಸ್ ಅಂತ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ.