ದಿನಬಾಡಿಗೆಗೆ ಮನೆ ಕೊಡ್ತೀರಾ? ಮೊದಲು ಫೋಟೊ ತೆಗೆದಿಡಿ

ನಾಲ್ಕಾರು ದಿನದ ಅತಿಥಿಗಳಿಗೆ ಮನೆ ಕೊಡುವವರಿಗೆ ಕಳ್ಳರ ಭಯ ಜಾಸ್ತಿ. ಆದರೆ ನಾನು ಕಂಡವರ ದುಡ್ಡು ಹೋಗಿದ್ದು ಕಲೆಯಾದ ಹಾಸಿಗೆಗೆ, ಬಿರುಕುಬಿಟ್ಟ ಗಾಜಿನ ಒಲೆಗೆ. ಅದನ್ನು ಅತಿಥಿಯೇ ಹಾಳು ಮಾಡಿದ್ದು ಅಂತ ತೋರಿಸಲು ಅವರ ಹತ್ತಿರ ಏನೂ ಇರಲಿಲ್ಲ.

ಹಂತ 1: ಕಾಗದಪತ್ರ. ಸ್ಥಳೀಯ ಆಡಳಿತ, ಅಪಾರ್ಟ್‌ಮೆಂಟ್ ಸಂಘ, ನೀವೇ ಬಾಡಿಗೆಗಿದ್ದರೆ ಮಾಲೀಕರು, ಯಾರ ಒಪ್ಪಿಗೆ ಬೇಕೋ ಅದು ಬರಹದಲ್ಲಿರಲಿ. ವಿಮಾ ಕಂಪನಿಗೂ ತಿಳಿಸಿ. ಎಷ್ಟೋ ಗೃಹವಿಮೆಗಳು ಬಾಡಿಗೆ ವ್ಯವಹಾರವನ್ನು ಒಳಗೊಳ್ಳುವುದಿಲ್ಲ.

ಹಂತ 2: ಬುಕಿಂಗ್. ಎಷ್ಟು ಜನ, ಯಾಕೆ ಬರುತ್ತಿದ್ದಾರೆ ಅಂತ ಕೇಳಲು ಸಂಕೋಚ ಬೇಡ. ಮಾತು, ದುಡ್ಡು ಎರಡೂ ಬುಕಿಂಗ್ ಆ್ಯಪ್‌ನೊಳಗೇ ಇರಲಿ. "ಕಮಿಷನ್ ಉಳಿಯುತ್ತೆ, ನೇರವಾಗಿ ಕೊಡ್ತೀನಿ" ಅಂದವರಿಗೆ ಆಗಲ್ಲ ಅನ್ನಿ. "ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ" ಅನ್ನುವುದು ಹಳೇ ಆಟ. ಅವರು ಹಾಕಿದ್ದು ಆಮೇಲೆ ರದ್ದಾಗುತ್ತದೆ, ನೀವು ಕಳಿಸಿದ್ದು ಹೋಗಿಯೇ ಹೋಗುತ್ತದೆ.

ಹಂತ 3: ಮನೆ. ಒಡವೆ, ಪಾಸ್‌ಪೋರ್ಟ್, ಚೆಕ್‌ಬುಕ್ ಮನೆಯಿಂದಲೇ ಆಚೆ ಹೋಗಲಿ, ಬೀರುವಿಗೆ ಬೀಗ ಹಾಕಿದರೆ ಸಾಲದು. ವೈಫೈಗೆ ಬೇರೆ ಗೆಸ್ಟ್ ನೆಟ್‌ವರ್ಕ್ ಮಾಡಿ. ಹೊಗೆ ಅಲಾರಂ ಬೇಕು. ಗ್ಯಾಸ್ ಗೀಸರ್, ಹೀಟರ್ ಇದ್ದರೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಡ ಬೇಕು, ಆ ಅನಿಲಕ್ಕೆ ವಾಸನೆಯೇ ಇಲ್ಲ. ಬಾಗಿಲಿಗೆ ಕೋಡ್ ಇರುವ ಬೀಗ ಹಾಕಿಸಿ, ಅತಿಥಿ ಬದಲಾದಾಗ ಕೋಡ್ ಬದಲಿಸಿ. ಬೀಗದ ಕೈ ಒಳಗಿಟ್ಟು ಬಾಗಿಲ ಹೊರಗೆ ಹಾಕುವ, ಗುಂಡಿ ಒತ್ತಿ ತೆರೆಯುವ ಅಗ್ಗದ ಕೀ ಬಾಕ್ಸ್ ಮಾತ್ರ ತರಬೇಡಿ. ಕೋಡ್ ಬದಲಿಸದಿದ್ದರೆ ದಿನಾ ಒತ್ತುವ ಗುಂಡಿಗಳು ಸವೆದು, ಅಂಕಿ ಯಾವುದು ಅಂತ ದಾರಿಹೋಕರಿಗೂ ಗೊತ್ತಾಗುತ್ತದೆ.

ಒಳಗೆ ಕ್ಯಾಮೆರಾ ಇಟ್ಟರೆ ಧೈರ್ಯ ಅಲ್ವಾ ಅನ್ನುವವರಿದ್ದಾರೆ. ಬೇಡವೇ ಬೇಡ. ಇಂಥ ಮನೆಗಳ ಬುಕಿಂಗ್ ಆ್ಯಪ್ ಆದ ಏರ್‌ಬಿಎನ್‌ಬಿ 2024ರ ಏಪ್ರಿಲ್ 30ರಿಂದ ಮನೆಯೊಳಗಿನ ಕ್ಯಾಮೆರಾಗಳನ್ನು ಪೂರ್ತಿ ನಿಷೇಧಿಸಿದೆ. ಹೊರಗೆ ಇದ್ದರೆ ಬುಕಿಂಗ್‌ಗೆ ಮುಂಚೆಯೇ ತಿಳಿಸಬೇಕು.

ಹಂತ 4: ಫೋಟೊ. ಎಲ್ಲರೂ ಎಡವುವುದು ಇಲ್ಲೇ. ಜಾಹೀರಾತಿಗೆ ತೆಗೆಸಿದ ಚೆಂದದ ಚಿತ್ರಗಳೇ ಸಾಕು ಅಂದುಕೊಳ್ಳುತ್ತಾರೆ. ನಿನ್ನೆ ಮೇಜಿನ ಮೇಲೆ ಗೀರು ಇತ್ತೋ ಇಲ್ಲವೋ ಅದರಿಂದ ಗೊತ್ತಾಗುವುದಿಲ್ಲ. ಪ್ರತಿ ಅತಿಥಿ ಬರುವ ಮುಂಚೆ, ಮನೆ ಕ್ಲೀನ್ ಆದ ಮೇಲೆ, ಹೊಸದಾಗಿ ತೆಗೆಯಬೇಕು.

ಮುಂಬಾಗಿಲಿನಿಂದ ಶುರು ಮಾಡಿ, ಎಲ್ಲೂ ನಿಲ್ಲಿಸದೆ ಇಡೀ ಮನೆಯದ್ದು ಒಂದೇ ವಿಡಿಯೊ ಮಾಡಿ. ಆಮೇಲೆ ಬಿಡಿ ಫೋಟೊ. ಬೆಡ್‌ಶೀಟ್ ಸರಿಸಿ ಬರೀ ಹಾಸಿಗೆಯದ್ದು ತೆಗೆಯಿರಿ, ಎರಡೂ ಮಗ್ಗುಲು. ಗಾಜಿನ ಒಲೆಯನ್ನು ಓರೆ ಬೆಳಕಿನಲ್ಲಿ ತೆಗೆಯಿರಿ, ಮೇಲಿನಿಂದ ನೇರ ತೆಗೆದರೆ ಕೂದಲೆಳೆಯ ಬಿರುಕು ಕಾಣುವುದಿಲ್ಲ. ಟಿವಿ ಆನ್ ಇರಬೇಕು. ಆಫ್ ಆಗಿದ್ದರೆ ಒಳಗೆ ಒಡೆದ ಪರದೆಯೂ ನೆಟ್ಟಗೇ ಕಾಣುತ್ತದೆ. ಸಿಂಕ್ ಕೆಳಗಿನ ಕಪಾಟು, ಓವನ್ ಒಳಗು, ಬಾಗಿಲ ಹಿಂಬದಿಯ ಗೋಡೆ ಬಿಡಬೇಡಿ. ಟವೆಲ್, ರಿಮೋಟ್, ಚಾರ್ಜರ್ ಎಲ್ಲ ಒಂದೆಡೆ ಹರಡಿ ಒಂದು ಫೋಟೊ. ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೋ ಕಳಿಸಿ, ಜಾಗ ಉಳಿಸಲು ಮೂಲ ಫೋಟೊ ಅಳಿಸಬೇಡಿ. ಹಾಗೆ ಕಳಿಸಿದ ಪ್ರತಿಯಲ್ಲಿ ಫೋಟೊ ತೆಗೆದ ಸಮಯದ ದಾಖಲೆ ಉಳಿಯುವುದಿಲ್ಲ.

ಹಂತ 5: ಅತಿಥಿ ಹೊರಟ ಮೇಲೆ. ಅದೇ ದಾರಿ, ಅದೇ ಕೋನ, ಅದೇ ಕ್ರಮ. ಕ್ಲೀನ್ ಮಾಡುವವರು ಬಕೆಟ್ ಹಿಡಿಯುವ ಮುಂಚೆ ಇದು ಮುಗಿಯಬೇಕು. ಅದಕ್ಕೇ, ಒಬ್ಬರು ಹೋದ ದಿನವೇ ಇನ್ನೊಬ್ಬರ ಬುಕಿಂಗ್ ತೆಗೆದುಕೊಳ್ಳಬೇಡಿ. ಸುಮ್ನೆ ಒಂದು ದಿನದ ಬಾಡಿಗೆ ಬಿಡುವುದೇಕೆ ಅನ್ನಿಸಬಹುದು. ಇಬ್ಬರು ಬಂದುಹೋದ ಮೇಲೆ ಕಲೆ ಯಾರದು ಅಂತ ಹೇಳುವುದು ಹೇಗೆ?

ಹಂತ 6: ಪರಿಹಾರ. ಹಾನಿ ಕಂಡ ದಿನವೇ ಆ್ಯಪ್‌ನಲ್ಲಿ ಅತಿಥಿಗೆ ತಿಳಿಸಿ. ಮುಂಚಿನ ಫೋಟೊ, ಆಮೇಲಿನದು, ರಿಪೇರಿಯ ಅಂದಾಜು ಪಟ್ಟಿ ಒಟ್ಟಿಗೆ ಕಳಿಸಿ. ಅತಿಥಿ ಮಾಡಿದ ಹಾನಿಗೆ ಏರ್‌ಬಿಎನ್‌ಬಿಯ ರಕ್ಷಣೆ 30 ಲಕ್ಷ ಡಾಲರ್‌ವರೆಗೆ ಅಂತ ನೋಡಿ ಹಾಯಾಗಿರಬೇಡಿ. ಅತಿಥಿ ಖಾಲಿ ಮಾಡಿದ 14 ದಿನದೊಳಗೆ ಕೇಳಬೇಕು. ನಗದು ಕಳೆದರೆ, ಬಳಸಿ ಸವೆದರೆ ಅದು ಸಿಗುವುದಿಲ್ಲ. ಮಾತುಕತೆಯಲ್ಲಿ ರಿವ್ಯೂ ವಿಷಯ ಎತ್ತಲೇಬೇಡಿ. "ದುಡ್ಡು ಕೊಡದಿದ್ದರೆ ಕೆಟ್ಟದಾಗಿ ಬರೀತೀನಿ" ಅಂದರೆ ದೂರು ನಿಮ್ಮ ಮೇಲೇ ಬರುತ್ತದೆ.