ಮಿಲಿಮೀಟರ್ ಬಿಟ್ಟು ಅಂಗೈ ಹಿಡಿದೆವು

ಕಡಲ ಮಟ್ಟ ಏರುತ್ತಿದೆ ಅಂತ ಮೀನುಗಾರರ ಊರಿನಲ್ಲಿ ಮನವರಿಕೆ ಮಾಡಲು ಹೊರಟಿದ್ದೆವು. ಕೊನೆಗೂ ಕೆಲಸ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ. "ಕಡಲ ಮಕ್ಕಳಿಗೆ ಕಡಲು ಕಲಿಸ್ಲಿಕ್ಕೆ ಹೊರಟಿದ್ದೀರಾ ಮಾರಾಯ?" ಅಂತ ನಮ್ಮ ಕ್ಲಾಸಿನಲ್ಲೇ ನಕ್ಕವರಿದ್ದರು.

ಮೊದಲ ವರ್ಷ ನಾವು ಎಂಟು ಜನ ಮಂಗಳೂರು ಪಕ್ಕದ ಉಳ್ಳಾಲ, ಸೋಮೇಶ್ವರ ಕಡೆ ಮಾಮೂಲಿ ದಾರಿ ಹಿಡಿದೆವು. ಎರಡು ಫ್ಲೆಕ್ಸ್, ಒಂದು ಬೀದಿ ನಾಟಕ, ಬಾಡಿಗೆ ಮೈಕು. ಸುಮಾರು ನಾಲ್ಕೂವರೆ ಸಾವಿರ ಕೈಯಿಂದ ಹೋಯಿತು. ಅದು ಫೆಬ್ರವರಿ, ಗಂಡಸರೆಲ್ಲ ಬೋಟಿನಲ್ಲಿ. ನಾಟಕಕ್ಕೆ ಬಂದಿದ್ದು ಮಕ್ಕಳು, ಮತ್ತೆ ಎರಡು ನಾಯಿ. ಸಮುದ್ರ ವರ್ಷಕ್ಕೆ 3–4 ಮಿಲಿಮೀಟರ್ ಏರುತ್ತಿದೆ ಅಂದರೆ ಒಬ್ಬರು ಕಿರುಬೆರಳಿನ ಉಗುರು ತೋರಿಸಿ "ಇಷ್ಟಕ್ಕೆ ಮೈಕಾ?" ಅಂದರು. ಫ್ಲೆಕ್ಸ್ ಆಮೇಲೆ ಯಾರದೋ ಕೋಳಿಗೂಡಿನ ಮೇಲೆ ಕಾಣಿಸಿತು.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಕಡಲ್ಕೊರೆತ ಪೂರ್ತಿ ಕಡಲು ಏರಿದ್ದರಿಂದಲೇ ಅಂದುಬಿಟ್ಟೆವು. ಅಳಿವೆ ಬಾಯಿಯ (ಹೊಳೆ ಕಡಲು ಸೇರುವಲ್ಲಿನ) ಕಲ್ಲಿನ ಗೋಡೆ, ಮರಳು, ಮಳೆಗಾಲದ ಅಲೆ ಎಲ್ಲ ಅದರಲ್ಲಿ ಸೇರಿದೆ ಅಂತ ಅಲ್ಲಿಯವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿಗೆ ನಮ್ಮ ಮಾತಿನ ಬೆಲೆ ಹೋಯಿತು.

ಎರಡನೇ ವರ್ಷ ಭಾಷಣವನ್ನೇ ಬಿಟ್ಟೆವು. ಜೂನ್, ಜುಲೈ ಮೀನುಗಾರಿಕೆ ರಜೆ, ಎಲ್ಲರೂ ಮನೆಯಲ್ಲಿ. ಆ ಸಲ ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆ ಜುಲೈ ಕೊನೆಗೆ ಬಿದ್ದಿತ್ತು. ಅವತ್ತು ಪಾಲೆ ಮರದ ತೊಗಟೆಯ ಕಷಾಯ ಕುಡಿಯಲಿಕ್ಕೆ ಊರೇ ಬೇಗ ಎದ್ದಿರುತ್ತದೆ, ಅಮಾವಾಸ್ಯೆಗೆ ಉಬ್ಬರವೂ ಜೋರು. ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದೆವು: "ಅಜ್ಜಿ, ನೀವು ಮದುವೆಯಾಗಿ ಬಂದಾಗ ಕಡಲು ಎಲ್ಲಿತ್ತು?" ಒಬ್ಬ ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕಲ್ಲಿನ ರಾಶಿವರೆಗೆ ನಡೆದೇಬಿಟ್ಟರು. "ಆ ನೊರೆ ಕಾಣ್ತದಲ್ಲ, ಅಲ್ಲಿ ನಮ್ಮ ತೆಂಗು ಇತ್ತು."

2021ರ ತೌಕ್ತೆ ಚಂಡಮಾರುತಕ್ಕೆ ನೀರು ಎಲ್ಲಿವರೆಗೆ ಬಂದಿತ್ತೋ ಅಲ್ಲಿ ಮನೆಯವರ ಕೈಯಿಂದಲೇ ತೆಂಗಿನ ಮರಕ್ಕೆ ಹಳೇ ಬಲೆಯ ನೀಲಿ ಹಗ್ಗ ಕಟ್ಟಿಸಿದೆವು. ಅದರ ಮೇಲೆ ಅಂಗೈ ಅಗಲ ಬಿಟ್ಟು ಕೆಂಪು ಹಗ್ಗ. 1993ರಿಂದ ಮೂವತ್ತು ವರ್ಷದಲ್ಲಿ ಲೋಕದ ಕಡಲು ಸರಾಸರಿ ಏರಿದ್ದು ಹೆಚ್ಚುಕಡಿಮೆ ಅಷ್ಟೇ, 10 ಸೆಂಟಿಮೀಟರ್. ಇನ್ನೂ ಅಷ್ಟು ಏರಿ ಅದೇ ಗಾಳಿ ಬಂದರೆ? ಮೇಸ್ತ್ರಿಗಳ ನೀರಿನ ಪೈಪು ಹಿಡಿದು ಕೆಂಪು ಹಗ್ಗದ ಮಟ್ಟವನ್ನು ಬಾಗಿಲಿಗೆ ತಂದೆವು. ಹೊಸ್ತಿಲು ಅದಕ್ಕಿಂತ ಕೆಳಗೆ ಉಳಿಯಿತು, ಅಂದರೆ ನೀರು ಮನೆಯೊಳಗೆ. ಉಗುರು ತೋರಿಸಿದ್ದವರೇ ಬಗ್ಗಿ ಅಂಗೈ ಇಟ್ಟು ನೋಡಿದರು. ಒಟ್ಟು ಖರ್ಚು ಏಳುನೂರು ರೂಪಾಯಿ ಇರಬಹುದು, ಹಗ್ಗ ಪುಕ್ಕಟೆ.

ಮೊದಲ ಹಗ್ಗ ಯಾರ ಮನೆಯಲ್ಲಿ ಅನ್ನುವುದರಲ್ಲೇ ಅರ್ಧ ಕೆಲಸ ಇದೆ. ಅದನ್ನು ಹೇಗೆ ಆರಿಸಿದೆವು ಅಂತ ಮಾತ್ರ ಹೇಳಲ್ಲ, ಎರಡು ಮಳೆಗಾಲ ಕಳೆದು ಕಲಿತದ್ದು ಅದು.

ನಡುವೆ ಕಡಲಿನ ಉಪ್ಪು ಬಾವಿಗೂ ಬಂದಿದೆಯಾ ನೋಡಲು ಮುನ್ನೂರೈವತ್ತು ರೂಪಾಯಿಯ ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ತೋರಿಸುವುದು) ತಂದು ಬಾವಿ ನೀರನ್ನೂ ಅಳೆದೆವು. ಒಂದು ಬಾವಿ ಜನವರಿಯಲ್ಲಿ ಇನ್ನೂರು ಚಿಲ್ಲರೆ ಇದ್ದದ್ದು ಮೇ ಹೊತ್ತಿಗೆ ಸಾವಿರ ದಾಟಿತು. ಪಕ್ಕದ್ದು ಅಲುಗಲೇ ಇಲ್ಲ. ಯಾಕೆ ಅಂತ ಜಗಳವಾಡುತ್ತಿರುವಾಗಲೇ ಮೀಟರ್ ಬಾವಿಗೆ ಬಿತ್ತು.

ಈ ವರ್ಷ ಹಗ್ಗ ಬದಲಾಯಿಸಲು ಹೋದರೆ ಆ ಅಜ್ಜಿ ಕೆಂಪು ಹಗ್ಗವನ್ನು ಪಕ್ಕದ ಮರಕ್ಕೆ ಎಳೆದು ಬಟ್ಟೆ ಒಣಗಲು ಹಾಕಿದ್ದಾರೆ. "ಬಿಚ್ಬೇಡಿ ಮಕ್ಕಳೇ, ಮಟ್ಟ ತಪ್ಪಲಿಲ್ಲ," ಅಂದರು. ಪೈಪು ಹಿಡಿದು ನೋಡಿದೆವು, ಹೌದು, ತಪ್ಪಿರಲಿಲ್ಲ.