ಉಳಿಕೆ ಉಲ್ಲನ್ನಿನ ಹೊದಿಕೆ: ಮೂರನೆಯ ಸಲ ಕೈಗೂಡಿದ ಬಗೆ

ಬೇರೆ ಬೇರೆ ದಪ್ಪದ ಉಳಿಕೆ ಉಲ್ಲನ್ನನ್ನು ಒಂದೇ ಕ್ರೋಶೆ ಹೊದಿಕೆಗೆ, ಅಂದರೆ ಕೊಕ್ಕೆ ಸೂಜಿಯಲ್ಲಿ ಹೆಣೆಯುವ ಹೊದಿಕೆಗೆ, ಹಾಕಿದರೆ ಮೂರು ಒಗೆತದೊಳಗೆ ಅದು ಜೋತುಬಿದ್ದು ಚೀಲವಾಗುತ್ತದೆ ಎಂದು ಧಾರವಾಡದ ನನ್ನ ಗೆಳತಿಯರು ಹೇಳಿದ್ದರು. ಹೇಳಿದವರು ಹೊಸಬರಲ್ಲ, ಇಪ್ಪತ್ತು ವರ್ಷಗಳಿಂದ ಬಾಗಿಲ ತೋರಣ, ಟೇಬಲ್ ಹಾಸು, ಸೀರೆ ಕುಚ್ಚು ಹಾಕುತ್ತ ಬಂದವರು. ಎರಡು ಸಂಜೆ ಕುಳಿತು ಒಂದು ಸೀರೆಗೆ ಕುಚ್ಚು ಹಾಕಿದರೆ ಐದುನೂರು ರೂಪಾಯಿ ಕೈಗೆ ಬರುವಾಗ ಮೂರು ತಿಂಗಳ ಹೊದಿಕೆಯ ಉಸಾಬರಿ ಏಕೆ ಎಂಬ ಲೆಕ್ಕವನ್ನೂ ಅವರೇ ಮುಂದಿಟ್ಟರು. ನನ್ನ ಅತ್ತೆಯವರ ಆಕ್ಷೇಪಣೆ ಬೇರೆಯದು. ಕೌದಿ ಹೊಲಿಯುತ್ತಲೇ ಬೆಳೆದ ಅವರು ನನ್ನ ಮೊದಲ ಹೊದಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಇದರಾಗ ಚಳಿ ನಿಲ್ಲೂದಿಲ್ಲವಾ, ಮೀನು ಹಿಡೀಲಿಕ್ಕೆ ಅಡ್ಡಿಯಿಲ್ಲ” ಎಂದರು.

ಚೌಕಗಳನ್ನು ಹೆಣೆದು ಜೋಡಿಸಿದ್ದ ಆ ಹೊದಿಕೆಯ ಮಟ್ಟಿಗೆ ಎಲ್ಲರ ಮಾತೂ ನಿಜವಾಯಿತು. ಹುಬ್ಬಳ್ಳಿಯಲ್ಲಿ ಸ್ವೆಟರ್ ಹೆಣೆಯುವವರೊಬ್ಬರಿಂದ ಉಳಿಕೆ ಲಡಿಗಳನ್ನು ಕಿಲೋಗೆ 300 ರೂಪಾಯಿಯಂತೆ ನಾಲ್ಕು ಕಿಲೋ ತಂದಿದ್ದೆ. ಅಂಗಡಿಯ ಹೊಸ ಅಕ್ರಿಲಿಕ್, ಅಂದರೆ ಕೃತಕ ಉಲ್ಲನ್, ಆಗ ಕಿಲೋಗೆ ಸಾವಿರದ ಆಸುಪಾಸಿನಲ್ಲಿದ್ದುದರಿಂದ ಗೆದ್ದೆನೆಂದೇ ಹಿಗ್ಗಿದ್ದೆ. ಆ ರಾಶಿಯಲ್ಲಿ ಕುರಿಯ ಉಣ್ಣೆಯೂ ಹತ್ತಿಯೂ ಬೆರೆತಿದ್ದುದು ನನಗೆ ತಿಳಿದದ್ದು ಮಷೀನಿನಿಂದ ಹೊದಿಕೆಯನ್ನು ಹೊರತೆಗೆದಾಗ. ಉಣ್ಣೆಯ ನಾಲ್ಕು ಚೌಕಗಳು ಅಂಗೈಯಷ್ಟಕ್ಕೆ ಕುಗ್ಗಿ, ಕಂಬಳಿಯ ತುಂಡಿನಂತೆ ಗಟ್ಟಿಯಾಗಿ, ಅಕ್ಕಪಕ್ಕದ ಚೌಕಗಳನ್ನೂ ಒಳಕ್ಕೆ ಎಳೆದುಕೊಂಡಿದ್ದವು. ಕೆಂಪು ಹತ್ತಿಯ ಬಣ್ಣ ಬಿಟ್ಟು ಬಿಳಿಯದೆಲ್ಲ ಗುಲಾಬಿಯಾಗಿತ್ತು. ಗಂಟು ಹಾಕಿ ಗಿಡ್ಡವಾಗಿ ಕತ್ತರಿಸಿದ್ದ ಎಳೆಗಳು ಎರಡನೆಯ ಒಗೆತಕ್ಕೆ ಬಿಚ್ಚಿಕೊಂಡು ಅಲ್ಲಲ್ಲಿ ನಿಜವಾದ ತೂತುಗಳೇ ಬಿದ್ದವು.

ಎರಡನೆಯ ಸಲ ಹೊಸ ಉಲ್ಲನ್ನನ್ನೇ ಕೊಂಡು, ಬ್ರಿಟನ್ನಿನ ಹಳೆಯ ನಮೂನೆಯೊಂದನ್ನು ಹಿಡಿದು ಅಲೆಯ ಹೆಣಿಗೆ ಹಾಕಿದೆ. ನಾವು ಅಮೆರಿಕನ್ನರ ರೂಢಿಯಂತೆ ಡಬಲ್ ಎನ್ನುವ ಎತ್ತರದ ಹೊಲಿಗೆಯನ್ನು ಬ್ರಿಟಿಷರು ಟ್ರೆಬಲ್ ಎನ್ನುತ್ತಾರೆ. ಅವರ ಡಬಲ್ ನಮ್ಮ ಗಿಡ್ಡ ಹೊಲಿಗೆಯಾದ ಸಿಂಗಲ್. ಮೂವತ್ತೆಂಟು ಸಾಲು ಆಗುವವರೆಗೂ ಇದು ನನ್ನ ತಲೆಗೆ ಹೊಳೆಯಲಿಲ್ಲ. ಅದರ ಜೊತೆಗೆ ಅಂಚಿನಲ್ಲಿ ಸಾಲಿಗೊಂದು ಹೊಲಿಗೆ ತಪ್ಪುತ್ತ ಹೋಗಿ ಹೊದಿಕೆ ಮೇಲೆ ಕಿರಿದು, ಕೆಳಗೆ ಅಗಲವಾಯಿತು. ಸುಮಾರು 1,400 ರೂಪಾಯಿಯ ಉಲ್ಲನ್ನನ್ನು ಬಿಚ್ಚಿ ಉಂಡೆ ಸುತ್ತಿದೆ. ಅಂದಿನಿಂದ ಸಾಲಿನ ಹೆಣಿಗೆಯ ಗೊಡವೆ ಬಿಟ್ಟು ಚೌಕಕ್ಕೇ ಮರಳಿದ್ದೇನೆ, ಏಕೆಂದರೆ ಚೌಕ ಕೆಟ್ಟರೆ ಕೆಡುವುದು ಎಂಟು ಗ್ರಾಂ ಮಾತ್ರ.

ಮೂರನೆಯದಕ್ಕೆ ಮತ್ತೆ ಅದೇ ಉಳಿಕೆ ಲಡಿಗಳನ್ನೇ ತೆಗೆದೆ. ಈ ಸಲ ಪ್ರತಿ ಲಡಿಯ ಗೇಣುದ್ದದ ಎಳೆಯನ್ನು ದೀಪದ ಕುಡಿಗೆ ಹಿಡಿದು ನೋಡಿದೆ. ಕೂದಲು ಸುಟ್ಟ ವಾಸನೆ ಬಂದರೆ ಉಣ್ಣೆ, ಕಾಗದ ಸುಟ್ಟಂತಾಗಿ ಬೂದಿ ಉದುರಿದರೆ ಹತ್ತಿ, ಕರಗಿ ಕಪ್ಪು ಮಣಿಯಾಗಿ ಗಟ್ಟಿಯಾದರೆ ಅಕ್ರಿಲಿಕ್. ಅಕ್ರಿಲಿಕ್ ಅಲ್ಲದ್ದನ್ನೆಲ್ಲ ಬದಿಗಿಟ್ಟಾಗ ನಾಲ್ಕು ಕಿಲೋದಲ್ಲಿ ಮೂರಕ್ಕಿಂತ ಸ್ವಲ್ಪ ಕಡಿಮೆ ಉಳಿಯಿತು. ಎಲ್ಲ ಚೌಕವೂ ಒಂದೇ ಅಳತೆಗೆ ಬರಲೆಂದು ದಪ್ಪದ ಎಳೆಗೆ 3.5, ನಡುವಿನದಕ್ಕೆ 4, ತೆಳುವಿನದಕ್ಕೆ 4.5 ಮಿ.ಮೀ. ಸೂಜಿಯೆಂದು ನಿಗದಿ ಮಾಡಿ, ತೀರ ಸಣ್ಣ ಎಳೆಗಳನ್ನು ಜೋಡಿಯಾಗಿ ಹಿಡಿದೆ. ಗೆಳತಿಯರು ನಕ್ಕದ್ದು ಇಲ್ಲಿಯೇ. ಒಂದೇ ಹೊದಿಕೆಗೆ ಮೂರು ಸೂಜಿಯೇ ಎಂದರು. ಆದರೆ ನಾನು ನಂಬಿದ್ದು ಸೂಜಿಯನ್ನಲ್ಲ, ಅಳತೆಯ ರಟ್ಟನ್ನು. ಚೌಕವನ್ನು ನಡುವಿನಿಂದ ಹೊರಕ್ಕೆ ಸುತ್ತು ಸುತ್ತಾಗಿ ಹೆಣೆಯುತ್ತ ಹೋದಾಗ ಐದನೆಯ ಸುತ್ತಿನ ಕೊನೆಗೆ ಬದಿಗೆ 19 ಡಬಲ್ ಇದ್ದು, ಚೌಕವು ಹತ್ತು ಸೆಂಟಿಮೀಟರಿನ ರಟ್ಟಿಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಬಿಚ್ಚಿ ಬೇರೆ ಸೂಜಿಯಲ್ಲಿ ಹಾಕಬೇಕು. ಆರನೆಯ ಸುತ್ತು ಮಾತ್ರ ಎಲ್ಲ ಚೌಕಕ್ಕೂ ಒಂದೇ: ಅಂಗಡಿಯ ಹೊಸ ಕಪ್ಪು ಉಲ್ಲನ್, 4 ಮಿ.ಮೀ. ಸೂಜಿ, ಬದಿಗೆ 23 ಡಬಲ್. ಪಕ್ಕದ ಚೌಕಕ್ಕೆ ಜೋಡಿಸುವುದೂ ಇದೇ ಸುತ್ತಿನಲ್ಲಿ. ಒಳಗಿನ ಸಣ್ಣಪುಟ್ಟ ಏರುಪೇರನ್ನು ಈ ಕಪ್ಪು ಚೌಕಟ್ಟು ಹಿಡಿದು ನಿಲ್ಲಿಸುತ್ತದೆ. ನಾಲ್ಕು ಮೂಲೆಗಳು ಕೂಡುವಲ್ಲಿ ತೂತು ಬೀಳದಂತೆ ಮಾಡುವುದಕ್ಕೆ ನನ್ನದೇ ಒಂದು ಉಪಾಯವಿದೆ. ಅದನ್ನು ಸದ್ಯಕ್ಕೆ ನನ್ನಲ್ಲಿಯೇ ಇಟ್ಟುಕೊಂಡಿರುತ್ತೇನೆ.

ಅತ್ತೆಯವರ ಮೀನಿನ ಬಲೆಯ ಮಾತಿಗೆ ಉತ್ತರವಾಗಿ ಡಬಲ್‌ಗಳ ಗುಂಪುಗಳ ನಡುವೆ ತೂತು ಬಿಡುವ ಚೈನ್‌ಗಳನ್ನು, ಅಂದರೆ ಸರಪಳಿ ಹೊಲಿಗೆಗಳನ್ನು, ಬಿಟ್ಟು ಪ್ರತಿ ಹೊಲಿಗೆಯ ಮೇಲೂ ಡಬಲ್ ಹಾಕಿದೆ. ಚೈನ್ ಉಳಿದದ್ದು ಮೂಲೆಗಳಲ್ಲಿ ಮಾತ್ರ. ಪ್ರತಿ ಸುತ್ತಿಗೂ ಚೌಕವನ್ನು ತಿರುವಿಕೊಂಡು ಹಾಕಿದ್ದರಿಂದ ಅದು ಒಂದೇ ಕಡೆಗೆ ತಿರುಚಿಕೊಳ್ಳುವುದೂ ನಿಂತಿತು. ಎಳೆಯ ತುದಿಗಳ ವಿಷಯದಲ್ಲಿ ಮಾತ್ರ ಯಾವ ಉಪಾಯವೂ ಇಲ್ಲ. ಚೌಕಕ್ಕೆ ನಾಲ್ಕು ಬಣ್ಣವೆಂದರೆ ಎಂಟು ತುದಿ, 140 ಚೌಕಕ್ಕೆ 1,120 ತುದಿ. ಪ್ರತಿಯೊಂದನ್ನೂ ನಾಲ್ಕು ಬೆರಳುದ್ದ ಬಿಟ್ಟು, ಹೊಲಿಯುವ ಸೂಜಿಯಲ್ಲಿ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮುಂದಕ್ಕೆ ಎಳೆದ ಮೇಲೆಯೇ ಮುಂದಿನ ಚೌಕಕ್ಕೆ ಕೈ ಹಾಕಬೇಕು. ಕೊನೆಗೆ ಮಾಡಿದರಾಯಿತು ಎಂದುಕೊಂಡವರ ಹೊದಿಕೆ ಟ್ರಂಕಿನಲ್ಲಿಯೇ ಉಳಿಯುತ್ತದೆ.

ಚೌಕಗಳನ್ನು ನೆಟ್ಟಗೆ ಮಾಡಲು ನಡೆಸಿದ ಪ್ರಯೋಗಗಳಲ್ಲಿ ಒಂದನ್ನು ಹೇಳಲೇಬೇಕು. ಅಕ್ರಿಲಿಕ್‌ಗೆ ಬರಿಯ ನೀರು ಸಾಲದು, ಹಬೆ ಬೇಕು ಎಂದು ತಿಳಿದಿತ್ತು. ಹಬೆಗೆ ಇಡ್ಲಿ ಪಾತ್ರೆಗಿಂತ ಸುಲಭದ್ದು ಯಾವುದಿದೆ ಎಂದು ಎಂಟು ಚೌಕಗಳನ್ನು ಇಡ್ಲಿ ತಟ್ಟೆಯ ಮೇಲೆ ಹರಡಿ ಹತ್ತು ನಿಮಿಷ ಬೇಯಿಸಿದೆ. ಮೆತ್ತಗಾದ ಅಕ್ರಿಲಿಕ್ ತನ್ನ ಕೆಳಗೆ ಇದ್ದ ಆಕಾರವನ್ನೇ ತಾಳಿತು. ಚೌಕದ ನಟ್ಟನಡುವೆ ಅಚ್ಚುಕಟ್ಟಾದ ಇಡ್ಲಿಯ ಗುಳಿ ಮೂಡಿತು. ಆ ಎಂಟು ಚೌಕಗಳು ಈಗ ಬಿಸಿ ಪಾತ್ರೆ ಹಿಡಿಯುವುದಕ್ಕೂ ಬರುವುದಿಲ್ಲ, ಅಕ್ರಿಲಿಕ್ ಕರಗುತ್ತದೆ. ಕೊನೆಗೆ ಸೈಕಲ್ ರಿಪೇರಿಯವರಿಂದ ಹಳೆಯ ಚಕ್ರದ ನಾಲ್ಕು ಕಡ್ಡಿಗಳನ್ನು ತಂದು, ಹಲಗೆಯ ಮೇಲೆ ಹತ್ತು ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಿ, ಚೌಕಗಳನ್ನು ಒಂದರ ಮೇಲೊಂದು ಪೋಣಿಸಿ, ಹಬೆ ಇಸ್ತ್ರಿಯನ್ನು ತಾಗಿಸದೆ ಬೆರಳಿನಷ್ಟು ದೂರದಲ್ಲಿ ಹಿಡಿದೆ. ಇಸ್ತ್ರಿ ತಾಗಿದರೆ ಹೆಣಿಗೆ ಸತ್ತು ಜೋಲುತ್ತದೆ. ಹಳೆಯ ಸೀರೆಯನ್ನು ಅಸ್ತರಾಗಿ ಕೊಟ್ಟು ನೋಡಿದ್ದೂ ಉಂಟು, ಆದರೆ ಹೆಣಿಗೆ ಹಿಗ್ಗುತ್ತದೆ, ಸೀರೆ ಹಿಗ್ಗುವುದಿಲ್ಲ. ಅತ್ತೆಯವರು ಕೌದಿಯಂತೆ ಅಲ್ಲಲ್ಲಿ ಟಾಕಿ ಹಾಕಿ ಕೊಟ್ಟ ಮೇಲೆ ಅದು ಅರ್ಧ ಸರಿಹೋಯಿತು.

ಇನ್ನು ದುಡ್ಡಿನ ಮಾತು. ಅಗಲಕ್ಕೆ ಹತ್ತು, ಉದ್ದಕ್ಕೆ ಹದಿನಾಲ್ಕು ಚೌಕ. ಅಂಚೂ ಸೇರಿ ತೂಕ 1,200 ಗ್ರಾಂ ಚಿಲ್ಲರೆ. ಉಳಿಕೆ ಉಲ್ಲನ್ 750 ಗ್ರಾಂ, ಹೊಸ ಕಪ್ಪು 450 ಗ್ರಾಂ, ಒಟ್ಟು ಖರ್ಚು ನೆನಪಿನಂತೆ 700 ರೂಪಾಯಿಯೊಳಗೆ. ಮೊದಲ ಚೌಕವನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ 140ರಿಂದ ಗುಣಿಸಿಕೊಂಡಿದ್ದರಿಂದ ಕಪ್ಪು ನಡುವೆ ಮುಗಿಯಲಿಲ್ಲ. ಅದೇ ನಮೂನೆಯ ಇನ್ನೊಂದು ಹೊದಿಕೆ 4,500 ರೂಪಾಯಿಗೆ ಹೋಯಿತು. ಉಲ್ಲನ್ನಿನ ಖರ್ಚು ಕಳೆದು ನೂರೈವತ್ತು ತಾಸಿನ ಕೆಲಸಕ್ಕೆ ಭಾಗಿಸಿದರೆ ತಾಸಿಗೆ 25 ರೂಪಾಯಿ ಬೀಳುತ್ತದೆ. ಕುಚ್ಚಿನ ಲೆಕ್ಕ ಹೇಳಿದವರು ಈ ಒಂದು ವಿಷಯದಲ್ಲಿ ಮಾತ್ರ ಗೆದ್ದರು. ನಾನು ಇಟ್ಟುಕೊಂಡ ಹೊದಿಕೆ ಈವರೆಗೆ ಹದಿನೈದು ಸಲವಾದರೂ ಮಷೀನು ಕಂಡಿದೆ. ಜೋತುಬಿದ್ದಿದೆ ಎಂದು ತೋರಿಸಿಕೊಡಲು ಅಳತೆ ಪಟ್ಟಿ ಹಿಡಿದು ಬಂದ ಗೆಳತಿಗೆ ಸಿಕ್ಕಿದ್ದು ಎರಡು ಸೆಂಟಿಮೀಟರ್, ಅದೂ ಉದ್ದದಲ್ಲಿ. ಹೋಗುವಾಗ ಹುಬ್ಬಳ್ಳಿಯವರ ವಿಳಾಸ ಕೇಳಿದಳು. ಮಿಕ್ಕ ಲಡಿಗಳನ್ನು ಮೊದಲು ನಾನು ತಂದುಕೊಳ್ಳುತ್ತೇನೆ, ಆಮೇಲೆ ಕೊಡುತ್ತೇನೆ ಎಂದಿದ್ದೇನೆ.